ಚೆಂಡೆಯ ನಡುವೆ ಭಾಗವತರ ದನಿ

ಕೇಳುಗರೇ, ನಮಸ್ಕಾರ.

ಮುಂಬೈಯ ಮಾಟುಂಗಾದಲ್ಲಿ ಯಕ್ಷಗಾನ ನೋಡಿದವರಿಗೆ ಈ ತೊಂದರೆ ಗೊತ್ತಿರುತ್ತದೆ. ಚೆಂಡೆ ಗಟ್ಟಿಯಾಗಿ ಕೇಳುತ್ತದೆ, ಭಾಗವತರ ಪದ ಮಾತ್ರ ತಿಳಿಯುವುದಿಲ್ಲ. "ಮೈಕ್ ಜಾಸ್ತಿ ಮಾಡಿ" ಎಂದು ಹಿಂದಿನ ಸಾಲಿನವರು ಕೂಗುತ್ತಾರೆ. ನಮ್ಮ ಸಂಘದ ಆಟಗಳಿಗೆ, ಮೈಕುಗಳ ಸದ್ದನ್ನು ಹೊಂದಿಸುವ ಮಿಕ್ಸರ್ ಮುಂದೆ ಕೂರಲು ಶುರು ಮಾಡಿದಾಗ ನಾನೂ ಹಾಗೇ ಮಾಡುತ್ತಿದ್ದೆ. ಬಾಸ್ ಏರಿಸು, ಟ್ರೆಬಲ್ ಏರಿಸು. ಕೊನೆಗೆ ಮೈಕ್ ಕುಂಯ್ ಎನ್ನುತ್ತಿತ್ತು.

ಏರಿಸುವುದಕ್ಕಿಂತ ಮೊದಲು ಇಳಿಸುವುದನ್ನು ಕಲಿಯಬೇಕು. ಈಕ್ವಲೈಜರ್ ಎಂದರೆ ಸದ್ದಿನ ಕೆಳಗಿನ, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸುವ, ಇಳಿಸುವ ಕೆಲವು ಫಿಲ್ಟರ್‌ಗಳ ಗುಂಪು. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೈ‌ಪಾಸ್. ಮಿಕ್ಸರ್ ಮೇಲೆ ಇದಕ್ಕೆ 'ಲೋ ಕಟ್' ಎಂಬ ಗುಂಡಿ ಇರುತ್ತದೆ. ಮೇಲಿನ ಸ್ವರಗಳನ್ನು ಹಾದುಹೋಗಲು ಬಿಟ್ಟು ಕೆಳಗಿನದನ್ನು ತಡೆಯುತ್ತದೆ. ಫ್ಯಾನ್ ಗಾಳಿ, ವೇದಿಕೆ ಮೇಲೆ ಕುಣಿಯುವ ಹೆಜ್ಜೆಯ ಧಡಧಡ, ಹತ್ತಿರ ಹೋಗುವ ಲೋಕಲ್ ರೈಲಿನ ಗುಡುಗು, ಇವೆಲ್ಲ ಹೆಚ್ಚಾಗಿ ಕೆಳಗೇ ಇರುತ್ತವೆ. ತಡೆ ಶುರುವಾಗುವ ಗೆರೆ ಸೆಕೆಂಡಿಗೆ 100 ಕಂಪನ, ಅಂದರೆ 100 ಹರ್ಟ್ಸ್‌ನಲ್ಲಿದೆ ಅಂದುಕೊಳ್ಳಿ. ಅಲ್ಲಿ ಗೋಡೆಯೇನೂ ಇಲ್ಲ, ಇಳಿಜಾರು ಇದೆ. ಒಂದು ಸ್ಥಾಯಿ ಕೆಳಗೆ, ಅಂದರೆ 50 ಹರ್ಟ್ಸ್‌ಗೆ ಬರುವಷ್ಟರಲ್ಲಿ ಸದ್ದು, ಅದರ ಮಟ್ಟ ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ, ಸುಮಾರು 12 ತಗ್ಗಿರುತ್ತದೆ. ಕೆಲವು ಮಿಕ್ಸರ್‌ಗಳಲ್ಲಿ 18.

ದನಿ ತೆಳುವಾಗುತ್ತದೆ ಎಂಬ ಭಯ ಬೇಡ. ಹಳೆಯ ಟೆಲಿಫೋನ್ ಲೈನಿನಲ್ಲಿ ಬರುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ. ಆದರೂ ಎಸ್‌ಟಿಡಿ ಬೂತಿನಲ್ಲಿ ನಿಂತು ಕೇಳಿದ ಅಮ್ಮನ ಮಾತು ಪೂರ್ತಿ ತಿಳಿಯುತ್ತಿತ್ತು, ಅಲ್ವಾ?

ಲೋ‌ಪಾಸ್ ಇದರ ತದ್ವಿರುದ್ಧ, ಮೇಲಿನದನ್ನು ತಡೆಯುತ್ತದೆ. ಭಾಗವತರ ಮೈಕಿಗೆ ಅದರ ಅಗತ್ಯ ಬಿದ್ದದ್ದು ನನಗೆ ನೆನಪಿಲ್ಲ. ಬಾಸ್, ಟ್ರೆಬಲ್ ತಿರುಪುಗಳು ಸಾಮಾನ್ಯವಾಗಿ ಶೆಲ್ಫ್ ಫಿಲ್ಟರ್‌ಗಳು. ಒಂದು ಗೆರೆಯಿಂದ ಆಚೆಗಿನದನ್ನೆಲ್ಲ ಒಟ್ಟಿಗೆ ಏರಿಸುತ್ತವೆ, ಇಲ್ಲವೇ ಇಳಿಸುತ್ತವೆ.

ಬೆಲ್ ಫಿಲ್ಟರ್‌ಗೆ ಮಾತ್ರ ತಾಳ್ಮೆ ಬೇಕು. ಅದು ಒಂದು ಜಾಗವನ್ನು ಹಿಡಿದು ಅದರ ಸುತ್ತಮುತ್ತ ಮಾತ್ರ ಕೆಲಸ ಮಾಡುತ್ತದೆ. ಎಷ್ಟು ಅಗಲ ಎಂಬುದನ್ನು 'ಕ್ಯೂ' ಹೇಳುತ್ತದೆ. 1,000 ಹರ್ಟ್ಸ್‌ನಲ್ಲಿ ಕ್ಯೂ 1 ಇದ್ದರೆ ಅಗಲ 1,000 ಹರ್ಟ್ಸ್. ಕ್ಯೂ 10 ಆದರೆ ಬರೀ 100. ಭಾಗವತರ ದನಿ ಡಬ್ಬದೊಳಗಿಂದ ಬಂದ ಹಾಗಿದ್ದರೆ ಬೆಲ್ ಫಿಲ್ಟರನ್ನು ಸ್ವಲ್ಪ ಏರಿಸಿ, 200ರಿಂದ 500ರವರೆಗೆ ಮೆಲ್ಲಗೆ ಜರುಗಿಸಿ. ಎಲ್ಲಿ ಕಿವಿಗೆ ಕಿರಿಕಿರಿಯಾಗುತ್ತದೋ ಅಲ್ಲೇ ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಆ ಕುಂಯ್ ಸದ್ದಿಗೆ ಇನ್ನೂ ಕಿರಿದಾದ ನಾಚ್ ಫಿಲ್ಟರ್ ಇದೆ. ಅದು ಕೂಗುವ ಆ ಒಂದೇ ಸ್ವರವನ್ನು ಕಿತ್ತು ತೆಗೆಯುತ್ತದೆ, ಅಕ್ಕಪಕ್ಕದ್ದನ್ನು ಹೆಚ್ಚು ಮುಟ್ಟುವುದಿಲ್ಲ.

ಚಿಕ್ಕ ಸಭಾಂಗಣವಾದರೆ ಚೆಂಡೆಗೆ ಮೈಕೇ ಬೇಡ. ಅಲ್ಲಿ ಚೆಂಡೆಗೂ ಮೈಕ್ ಇಟ್ಟರೆ ಆಗುವ ಗದ್ದಲವನ್ನು ಯಾವ ಫಿಲ್ಟರೂ ಸರಿಮಾಡಲಾರದು.

ಇವತ್ತು ರಾತ್ರಿ ಫೋನಿನ ಈಕ್ವಲೈಜರ್ ತೆರೆಯಿರಿ. ನಡುವಿನ ಒಂದು ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆಯಿರಿ. ನಿಮಗೆ ಬಾಯಿಪಾಠ ಇರುವ ಪದವೊಂದನ್ನು ಹಾಕಿ, ಏನು ಹೋಯಿತು ಎಂದು ಕಣ್ಣು ಮುಚ್ಚಿ ಕೇಳಿ. ನಮಸ್ಕಾರ.