ವೇಗದ ಕಯಾಕ್‌ಗೆ ಕಾಯುತ್ತಾ

ಕೇಳುಗರಿಗೆ ನಮಸ್ಕಾರ.

ಹೊಸ ಬೈಕು ಯಾವಾಗ ಬರುತ್ತದೆ, ಹೊಸ ಫೋನು ಯಾವಾಗ ಬರುತ್ತದೆ ಎಂದು ತಿಂಗಳುಗಟ್ಟಲೆ ಕಾಯುವವರನ್ನು ನೀವು ನೋಡಿದ್ದೀರಿ. ಹೊಸ ಕಯಾಕ್‌ಗೆ, ಅಂದರೆ ಕೂತು ಹುಟ್ಟು ಹಾಕುವ ಸಣ್ಣ ದೋಣಿಗೆ, ಹಾಗೆ ಕಾಯುವ ಜನರೂ ಇದ್ದಾರೆ. ವೇಲ್ಸ್, ಸ್ಕಾಟ್ಲೆಂಡ್, ನಾರ್ವೆ, ನ್ಯೂಜಿಲೆಂಡ್ ಕಡೆ ಬೇಕಾದಷ್ಟು. ನಮ್ಮ ಕರಾವಳಿಯಲ್ಲಿ ಬೆರಳೆಣಿಕೆಯಷ್ಟು. ಅದರಲ್ಲಿ ನಾನೂ ಒಬ್ಬ. ದೋಣಿ ಕಟ್ಟುವವರು ಯಾರಾದರೂ ಒಂದು ಅರ್ಧಂಬರ್ಧ ಚಿತ್ರ ಹೊರಗೆ ಬಿಟ್ಟರೆ ಸಾಕು. ಮೂತಿ ಹೇಗಿದೆ, ಚುಕ್ಕಾಣಿ ಇದೆಯಾ, ಅಗಲ ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾ ಕೂರುತ್ತೇವೆ. ಮನೆಯವರಿಗೆ ಇದು ಹುಚ್ಚು. ಇರಲಿ.

ಮೊದಲು ಯಾವ ದೋಣಿಯ ವಿಷಯ ಅಂತ ಹೇಳಿಬಿಡುತ್ತೇನೆ. ಸಾಲಿಗ್ರಾಮದ ಹತ್ತಿರ ಪಾರಂಪಳ್ಳಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸಿದವರು ನಿಮ್ಮಲ್ಲಿ ಹಲವರು ಇರಬಹುದು. ಅಂಥ ಕಡೆ ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿ ಅಗಲವಾದ ಪ್ಲಾಸ್ಟಿಕ್ ದೋಣಿ. ಸುಲಭಕ್ಕೆ ಮಗುಚುವುದಿಲ್ಲ, ವೇಗವೂ ಇಲ್ಲ. ಕಡಲ ಕಯಾಕ್ ಬೇರೆ ಜಾತಿಯದು. ಐದೂವರೆ ಮೀಟರ್ ಉದ್ದ, ಅಂದರೆ ಒಂದು ಇನ್ನೋವಾ ಕಾರಿಗಿಂತ ಉದ್ದ. ಅಗಲ ಮಾತ್ರ ಒಂದು ಮೊಳಕ್ಕಿಂತ ತುಸು ಜಾಸ್ತಿ. ಮೇಲೆ ಪೂರ್ತಿ ಮುಚ್ಚಿರುತ್ತದೆ. ನಡುವಿನ ತೂತಿನಲ್ಲಿ ಕಾಲು ತೂರಿಸಿ ಕೂತು, ಸೊಂಟಕ್ಕೆ ಕಟ್ಟಿದ ರಬ್ಬರ್ ಬಟ್ಟೆಯನ್ನು ತೂತಿನ ಅಂಚಿಗೆ ಎಳೆದು ಸಿಕ್ಕಿಸಿದರೆ ನೀರು ಒಳಗೆ ಬರುವುದಿಲ್ಲ. ಎರಡೂ ತೊಡೆ ಒಳಗಿನಿಂದ ದೋಣಿಗೆ ಒತ್ತಿಕೊಂಡಿರುತ್ತವೆ. ನೀವು ಸೊಂಟ ತಿರುಗಿಸಿದರೆ ದೋಣಿ ತಿರುಗುತ್ತದೆ.

ಇದು ಗ್ರೀನ್‌ಲೆಂಡಿನ ಇನ್ಯುಯಿಟ್ ಜನರ ದೋಣಿ. ಸಮುದ್ರ ತಂದು ಹಾಕಿದ ಮರದ ತುಂಡುಗಳ ಚೌಕಟ್ಟು, ಮೇಲೆ ಸೀಲ್ ಚರ್ಮ. ಅಳತೆ ತೆಗೆಯುವುದು ನಡೆಸುವವನ ಮೈಯಿಂದಲೇ. ಚಾಚಿದ ಎರಡು ತೋಳಿನ ಅಳತೆಯ ಮೂರರಷ್ಟು ಉದ್ದ, ಸೊಂಟದ ಮೇಲೆ ಎರಡು ಮುಷ್ಟಿಯಷ್ಟು ಅಗಲ. 1959ರಲ್ಲಿ ಕೆನ್ ಟೇಲರ್ ಎಂಬ ಸ್ಕಾಟ್ಲೆಂಡಿನ ವಿದ್ಯಾರ್ಥಿ ಗ್ರೀನ್‌ಲೆಂಡಿನ ಇಗ್ಲೋರ್ಸುಯಿಟ್ ಎಂಬ ಊರಿಗೆ ಹೋಗಿ, ಎಮಾನ್ಯುಯೆಲೆ ಕೊರ್ನೆಲಿಯುಸೆನ್ ಎಂಬವರ ಕೈಯಲ್ಲಿ ಒಂದು ಕಯಾಕ್ ಮಾಡಿಸಿಕೊಂಡು ಬಂದರು. ಆ ಒಂದು ದೋಣಿಯ ಅಳತೆ ಹಿಡಿದು ಬ್ರಿಟನ್ನಿನಲ್ಲಿ ಅನಾಸ್ ಅಕ್ಯೂಟಾ ಎಂಬ ಫೈಬರ್ ದೋಣಿ ಬಂತು. ಬೇರೆ ಎಷ್ಟೋ ದೋಣಿಗಳು ಅದರ ಸಂತಾನ.

1975ರಲ್ಲಿ ನಾಟಿಂಗ್‌ಹ್ಯಾಮ್‌ನ ಫ್ರಾಂಕ್ ಗುಡ್‌ಮನ್ ನಾರ್ವೆಯ ಉತ್ತರ ತುದಿಯ ಯಾನಕ್ಕೆಂದೇ ಒಂದು ದೋಣಿ ಮಾಡಿದರು. ಹೆಸರು ನಾರ್ಡ್‌ಕಾಪ್. ಎರಡು ವರ್ಷದ ಮೇಲೆ ಅವರೇ ಮೂವರು ಜೊತೆಗಾರರೊಂದಿಗೆ ಅದರಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬಂದರು. ನ್ಯೂಜಿಲೆಂಡಿನ ಪಾಲ್ ಕ್ಯಾಫಿನ್ 1981-82ರಲ್ಲಿ ಇಡೀ ಆಸ್ಟ್ರೇಲಿಯಾ ಖಂಡವನ್ನು ಕಯಾಕ್‌ನಲ್ಲಿ ಮೊದಲ ಬಾರಿಗೆ ಸುತ್ತಿದ್ದೂ ನಾರ್ಡ್‌ಕಾಪ್‌ನಲ್ಲೇ. 360 ದಿನ ಹಿಡಿಯಿತು. ತುಂಬ ಕಾಲ ಕಡಲ ಕಯಾಕ್ ಅಂದರೆ ಹೀಗೇ ಇರಬೇಕು ಎಂದು ಜನ ನಂಬಿದ್ದರು. ಎರಡೂ ತುದಿ ಬಾಳೆಹಣ್ಣಿನ ಹಾಗೆ ಮೇಲಕ್ಕೆದ್ದು ನೀರಿನಿಂದ ಆಚೆ ಚಾಚಿರಬೇಕು. ನೋಡುವುದಕ್ಕೆ ಚೆಂದವೇ, ಇಲ್ಲ ಅನ್ನುವುದಿಲ್ಲ.

2010ರ ಸುಮಾರಿಗೆ ವೇಲ್ಸ್‌ನ ಆಂಗ್ಲಸೀ ದ್ವೀಪದಿಂದ ಬಂದ ರಾಕ್‌ಪೂಲ್ ಕಂಪನಿಯ ಟಾರನ್ ಎಂಬ ಕಯಾಕ್ ಆ ಚೆಂದವನ್ನು ಪಕ್ಕಕ್ಕಿಟ್ಟಿತು. ಅದರ ಮೂತಿ ಕೊಡಲಿಯಿಂದ ಕಡಿದಂತೆ ನೆಟ್ಟಗೆ ನೀರಿಗಿಳಿಯುತ್ತದೆ. ನಾರ್ಡ್‌ಕಾಪ್ ಕೂಡ ಹದಿನೆಂಟು ಅಡಿ, ಟಾರನ್ ಕೂಡ ಹತ್ತಿರ ಹತ್ತಿರ ಹದಿನೆಂಟು ಅಡಿ. ಆದರೆ ನಾರ್ಡ್‌ಕಾಪ್‌ನ ಉದ್ದದಲ್ಲಿ ಎರಡೂ ತುದಿ ಗಾಳಿಯಲ್ಲಿರುತ್ತವೆ. ಟಾರನ್‌ನ ಉದ್ದ ಹೆಚ್ಚುಕಮ್ಮಿ ಪೂರ್ತಿ ನೀರಿನಲ್ಲೇ ಇರುತ್ತದೆ.

ಇದರಿಂದ ಏನು ಲಾಭ ಅನ್ನುತ್ತೀರಾ? ದೋಣಿ ಮುಂದೆ ಹೋಗುವಾಗ ಮೂತಿಯ ಬಳಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಷ್ಟೂ ಆ ಅಲೆ ಉದ್ದವಾಗುತ್ತಾ ಹೋಗಿ, ಒಂದು ಹಂತದಲ್ಲಿ ದೋಣಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದ ಮುಂದೆ ನೀವು ಎಷ್ಟು ಹುಟ್ಟು ಹಾಕಿದರೂ ನಿಮ್ಮದೇ ಅಲೆಯ ಗುಡ್ಡ ಹತ್ತುತ್ತಾ ಇರುತ್ತೀರಿ. ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲಿ ಟಾರ್ಕೀ ಎಂಬಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಹಡಗಿನ ಮಾದರಿಗಳನ್ನು ಎಳೆಸಿ ಎಳೆಸಿ ಇಂಥದ್ದನ್ನೆಲ್ಲ ಅಳೆದರು. ದೋಣಿಯವರು ಇಂದಿಗೂ ಬಳಸುವ ಅಂದಾಜು ಸರಳ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಳ್ಳಿ, ಅದರ ವರ್ಗಮೂಲ ಕಂಡುಹಿಡಿಯಿರಿ, 1.34ರಿಂದ ಗುಣಿಸಿ. ಬರುವುದು ನಾಟ್ ಲೆಕ್ಕದ ವೇಗ. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ನೀರಿನಲ್ಲಿ 15 ಅಡಿ ಇದ್ದರೆ ಸುಮಾರು 5.2 ನಾಟ್. ಹದಿನೇಳೂವರೆ ಅಡಿ ಇದ್ದರೆ 5.6. ಗಂಟೆಗೆ ಮುಕ್ಕಾಲು ಕಿಲೋಮೀಟರ್ ಜಾಸ್ತಿ. ಇಡೀ ದಿನ ನಡೆಸುವವನಿಗೆ ಅದು ಸಣ್ಣ ಮಾತಲ್ಲ.

ಆದರೆ ಇಲ್ಲೇ ನನಗೊಂದು ತಕರಾರಿದೆ. ಆ 5.6 ನಾಟ್ ಮುಟ್ಟುವವರು ಯಾರು? ನಮ್ಮ ನಿಮ್ಮಂಥವರು ಸಾಮಾನು ತುಂಬಿದ ದೋಣಿಯಲ್ಲಿ ದಿನವಿಡೀ ಹೋಗುವುದು ಮೂರರಿಂದ ನಾಲ್ಕು ನಾಟ್ ವೇಗದಲ್ಲಿ. ಆ ವೇಗದಲ್ಲಿ ಅಲೆಯ ತೊಂದರೆ ಕಡಿಮೆ. ದೋಣಿಯನ್ನು ಹಿಂದಕ್ಕೆ ಹಿಡಿಯುವುದು ಮುಖ್ಯವಾಗಿ ನೀರಿನ ಉಜ್ಜಾಟ. ಉದ್ದ ದೋಣಿಯ ಮೈ ಹೆಚ್ಚು ಒದ್ದೆಯಾಗುತ್ತದೆ, ಉಜ್ಜಾಟವೂ ಹೆಚ್ಚು. ಹಾಗಾಗಿ ನಿಧಾನಕ್ಕೆ ಹೋಗುವವನಿಗೆ ಹದಿನೆಂಟು ಅಡಿಯ ರೇಸ್ ದೋಣಿಗಿಂತ ಹದಿನಾರು ಅಡಿಯ ಸಾದಾ ದೋಣಿಯೇ ಹಗುರ ಅನ್ನಿಸಬಹುದು. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ಹಾಗಾದರೆ ಇಂಥ ದೋಣಿಗೆ ಕಾಯುವುದು ಯಾಕೆ? ಬೆನ್ನ ಹಿಂದಿನಿಂದ ಬರುವ ಅಲೆಗಾಗಿ.

ಸ್ವಲ್ಪ ಕಲ್ಪಿಸಿಕೊಳ್ಳಿ. ಮಧ್ಯಾಹ್ನದ ಗಾಳಿ ಹಿಂದಿನಿಂದ ಬೀಸುತ್ತಿದೆ. ಮೂರು ಸೆಕೆಂಡಿಗೊಂದು ಅಲೆ. ಸಮುದ್ರ ಆಳವಾಗಿದ್ದರೆ ಅಂಥ ಅಲೆ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ನೀವು ಏಳೆಂಟರಲ್ಲಿ ಹೋಗುತ್ತಿದ್ದೀರಿ. ಮೊದಲು ದೋಣಿಯ ಹಿಂಭಾಗ ಏಳುತ್ತದೆ. ಮೂತಿ ತಗ್ಗಿನ ಕಡೆ ನೋಡುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನಾಲ್ಕೈದು ಹುಟ್ಟು ಬಿರುಸಾಗಿ ಹಾಕಬೇಕು. ದೋಣಿ ಅಲೆಯ ಇಳಿಜಾರಿಗೆ ಬಿತ್ತೋ, ಮುಗಿಯಿತು. ಅಡಿಯಲ್ಲಿ ನೀರು ಝರ್ರೆಂದು ಸದ್ದು ಮಾಡುತ್ತದೆ, ಹುಟ್ಟಿಗೆ ಕೆಲಸವೇ ಇಲ್ಲ. ಹಳೆ ಮಾದರಿಯ ದೋಣಿಯಲ್ಲಿ ಇಷ್ಟು ಹೊತ್ತಿಗೆ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ, ಹಿಂಭಾಗ ಪಕ್ಕಕ್ಕೆ ಜಾರುತ್ತದೆ, ನೋಡನೋಡುತ್ತಿದ್ದಂತೆ ದೋಣಿ ಅಲೆಗೆ ಅಡ್ಡಲಾಗಿ ನಿಂತಿರುತ್ತದೆ. ಅದನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅಲೆ ಹೋಗಿಯೇ ಬಿಟ್ಟಿತು. ಹೊಸ ಕಾಲದ ದೋಣಿಯ ಮೂತಿಯಲ್ಲಿ ತೇಲುವ ಶಕ್ತಿ ಜಾಸ್ತಿ. ಚುಚ್ಚಿದರೂ ಬೇಗ ಮೇಲೆ ಬರುತ್ತದೆ. ಹಿಂದೆ ಅಡಿಭಾಗ ಚಪ್ಪಟೆಯಾಗಿದ್ದು ಅಲೆಯ ಮೇಲೆ ಕೂರುತ್ತದೆ. ಕಾಲಿನಿಂದ ಒತ್ತುವ ಚುಕ್ಕಾಣಿ ದಿಕ್ಕು ತಪ್ಪದಂತೆ ಹಿಡಿಯುತ್ತದೆ. ಒಂದು ಅಲೆಯಿಂದ ಮುಂದಿನದಕ್ಕೆ ದಾಟಿಕೊಂಡು ಹೋಗಬಹುದು. ಸಮ ನೀರಿನ ವೇಗ ಅಳೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಚುಕ್ಕಾಣಿ ಅಂದ ಕೂಡಲೇ ಒಂದು ಹಳೆ ಜಗಳ ನೆನಪಿಗೆ ಬರುತ್ತದೆ. ಬ್ರಿಟಿಷ್ ಸಂಪ್ರದಾಯದವರಿಗೆ ಚುಕ್ಕಾಣಿ ಅಂದರೆ ಆಗದು. ಹುಟ್ಟು ಹಾಕಲು ಬಾರದವರಿಗೆ ಅದು ಎನ್ನುತ್ತಿದ್ದರು. ಅವರದು ಸ್ಕೆಗ್. ದೋಣಿಯ ಹಿಂಭಾಗದ ಅಡಿಯಿಂದ ದಾರದಿಂದ ಇಳಿಸಿ ಏರಿಸುವ ಒಂದು ರೆಕ್ಕೆ. ಅದು ತಿರುಗುವುದಿಲ್ಲ. ಪಕ್ಕದ ಗಾಳಿಗೆ ದೋಣಿ ಮೂತಿ ತಿರುಗಿಸದಂತೆ ತಡೆಯುತ್ತದೆ, ಅಷ್ಟೆ. ಅದರ ಪೆಟ್ಟಿಗೆಯಲ್ಲಿ ದಡದ ಸಣ್ಣ ಕಲ್ಲು ಸಿಕ್ಕಿಕೊಂಡರೆ ಅದೂ ಇಲ್ಲ. ಟಾರನ್ ಅಂಥ ಬ್ರಿಟಿಷ್ ದೋಣಿಯೇ ಚುಕ್ಕಾಣಿ ಹಾಕಿಕೊಂಡು ಬಂದ ಮೇಲೆ ಜಗಳದ ಕಾವು ಇಳಿದಿದೆ. 2012ರಲ್ಲಿ ಜಾನ್ ವಿಲ್ಲೇಸಿ ಟಾರನ್‌ನಲ್ಲಿ ಒಬ್ಬರೇ ಬ್ರಿಟನ್ ಸುತ್ತಿದರು, 72 ದಿನದಲ್ಲಿ. ಅದಕ್ಕೂ ಮುಂಚೆ, 2009ರಲ್ಲಿ, ಜರ್ಮನಿಯ ಫ್ರೇಯಾ ಹಾಫ್‌ಮೈಸ್ಟರ್ ಆಸ್ಟ್ರೇಲಿಯಾ ಸುತ್ತಿ ಮುಗಿಸಿದ್ದು 332 ದಿನದಲ್ಲಿ. ಅವರ ದೋಣಿ ಎಪಿಕ್ ಕಂಪನಿಯದು. ಆ ಕಂಪನಿಯ ಗ್ರೆಗ್ ಬಾರ್ಟನ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕಯಾಕ್‌ನಲ್ಲಿ ಎರಡು ಚಿನ್ನ ಗೆದ್ದವರು. ರೇಸಿನವರು ಕಡಲಿಗೆ ಬಂದಾಗ ಚುಕ್ಕಾಣಿಯ ಬಗ್ಗೆ ನಾಚಿಕೆಪಡಲಿಲ್ಲ. ಸರಿಯಾದ ಕೆಲಸ ಮಾಡಿದರು ಎಂದೇ ನನ್ನ ಅಭಿಪ್ರಾಯ.

ಇನ್ನು ಇಷ್ಟು ಕಾಯಿಸುವುದು ಯಾಕೆ? ಕರಾವಳಿಯಲ್ಲಿ ಫೈಬರ್ ದೋಣಿ ಕಟ್ಟುವವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಮೊದಲು ದೋಣಿಯ ಒಂದು ಗಟ್ಟಿ ಮಾದರಿ ಮಾಡಬೇಕು. ಅದನ್ನು ಮರಳು ಕಾಗದದಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಮತ್ತೆ ಉಜ್ಜಿ ಕನ್ನಡಿಯಷ್ಟು ನುಣ್ಣಗೆ ಮಾಡಬೇಕು. ಅದರ ಮೇಲೆ ಅಚ್ಚು ತೆಗೆಯಬೇಕು, ಮೇಲ್ಭಾಗಕ್ಕೊಂದು, ಅಡಿಭಾಗಕ್ಕೊಂದು. ಅಚ್ಚಿನ ಒಳಗೆ ಮೊದಲು ಬಣ್ಣದ ಜೆಲ್‌ಕೋಟ್ ಬಳಿಯುತ್ತಾರೆ. ಆಮೇಲೆ ಗಾಜಿನ ಬಟ್ಟೆ ಅಥವಾ ಕಾರ್ಬನ್ ಬಟ್ಟೆ ಹಾಸಿ ರೆಸಿನ್ ಕುಡಿಸುತ್ತಾರೆ. ಒಣಗಿದ ಮೇಲೆ ಎರಡು ಭಾಗವನ್ನೂ ಒಂದರ ಮೇಲೊಂದು ಕೂರಿಸಿ, ಒಳಗಿನಿಂದ ಗಾಜಿನ ಪಟ್ಟಿ ಅಂಟಿಸಿ ಬೆಸೆಯಬೇಕು. ಮೂತಿಯ ತುದಿಗೆ ಕೈ ಹೋಗುವುದಿಲ್ಲ. ಉದ್ದ ಕೋಲಿಗೆ ಬ್ರಷ್ ಕಟ್ಟಿಕೊಂಡು ಮಾಡುವ ಕೆಲಸ ಅದು. ಇಷ್ಟೆಲ್ಲ ಆದ ಮೇಲೆ ನೀರಿಗಿಳಿಸಿದಾಗ ಹಿಂಭಾಗ ಒಂದು ಬೆರಳು ತಗ್ಗಾಗಿ ಕೂತಿದೆ ಅನ್ನಿಸಿದರೆ ಮತ್ತೆ ಮಾದರಿಯಿಂದಲೇ ಶುರು. ಆದ್ದರಿಂದ ವಸಂತಕ್ಕೆ ಬರುತ್ತದೆ ಎಂದ ದೋಣಿ ಮಳೆಗಾಲ ಕಳೆದರೂ ಬಾರದಿದ್ದರೆ ನನಗೆ ಸಿಟ್ಟಿಲ್ಲ. ಅವಸರದಲ್ಲಿ ಬಂದರೆ ಅನುಮಾನ.

ಕಾಯುವ ಮಾತು ಬಂತಲ್ಲ, ಆಸ್ಕರ್ ಸ್ಪೆಕ್ ಎಂಬ ಜರ್ಮನ್ ಒಬ್ಬರಿದ್ದರು. 1932ರಲ್ಲಿ ಕೆಲಸವಿಲ್ಲದೆ, ಮಡಚುವ ಕಯಾಕ್ ಒಂದನ್ನು ಡ್ಯಾನ್ಯೂಬ್ ನದಿಗಿಳಿಸಿ ಹೊರಟರು. ಏಳು ವರ್ಷದ ಮೇಲೆ ಆಸ್ಟ್ರೇಲಿಯಾದ ನೀರು ಮುಟ್ಟಿದರು. ದಾರಿಯಲ್ಲಿ ದೋಣಿ ಹಾಳಾಗಿ, ಇರಾನಿನ ಕರಾವಳಿಯಲ್ಲಿ ಜರ್ಮನಿಯಿಂದ ಹೊಸ ದೋಣಿ ಬರಲಿ ಎಂದು ತಿಂಗಳುಗಟ್ಟಲೆ ಕೂತಿದ್ದರು. ಅಲ್ಲಿಂದ ಮುಂದೆ ನಮ್ಮ ಪಶ್ಚಿಮ ಕರಾವಳಿ ಹಿಡಿದು ಸಿಲೋನಿಗೆ ಹೋದರು, 1935ರಲ್ಲಿ. ಅಂದರೆ ನಮ್ಮ ಮೀನುಗಾರರ ಹಿರಿಯರು ಯಾರಾದರೂ ಆ ಬಟ್ಟೆಯ ದೋಣಿಯನ್ನು ನೋಡಿರಲೂ ಸಾಕು. ಪಾಪ, ಅವರು ಆಸ್ಟ್ರೇಲಿಯಾ ಕಡೆಗೆ ಮುಟ್ಟುವಾಗ 1939ರ ಸೆಪ್ಟೆಂಬರ್. ಯುದ್ಧ ಶುರುವಾಗಿತ್ತು. ಪೊಲೀಸರು ಅಭಿನಂದನೆ ಹೇಳಿ, ಶತ್ರು ದೇಶದವನೆಂದು ಬಂಧಿಸಿದರು.

ಈಗ ನಮ್ಮ ಕಡಲಿಗೆ ಬರೋಣ. ಮಾಜಾಳಿಯಿಂದ ತಲಪಾಡಿಯವರೆಗೆ ಸುಮಾರು 320 ಕಿಲೋಮೀಟರ್. ಬೇಸಿಗೆಯಲ್ಲಿ ಬೆಳಗ್ಗೆ ದಡದಿಂದ ಬೀಸುವ ಗಾಳಿ ಮೆಲ್ಲಗೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಜೋರು. ಉತ್ತರದಿಂದ ದಕ್ಷಿಣಕ್ಕೆ ಹೊರಟವನಿಗೆ ಆ ಗಾಳಿ ಬೆನ್ನಿಗೆ. ವೇಗದ ಕಯಾಕ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಾ? ಕಷ್ಟ ಇರುವುದು ದಡ ಸೇರುವಲ್ಲಿ. ಅಳಿವೆ ಬಾಯಿಯ ಮರಳು ದಿಬ್ಬಗಳ ಮೇಲೆ ಅಲೆ ಒಡೆಯುತ್ತದೆ. ಸಂಜೆ ಇಳಿತದ ಹೊತ್ತಿಗೆ ಹೊಳೆ ನೀರು ಎದುರು ಬರುತ್ತದೆ. ಅಲ್ಲಿ ನೆಟ್ಟನೆ ಮೂತಿಯ ಉದ್ದ ದೋಣಿ ಬೇಗ ತಿರುಗುವುದಿಲ್ಲ, ಚುಕ್ಕಾಣಿ ಮರಳಿಗೆ ಬಡಿದು ಮುರಿಯಬಹುದು. ಹೊಸ ದೋಣಿಗಳ ಬಗ್ಗೆ ನಾನು ಮೊದಲು ಕೇಳುವುದು ಗರಿಷ್ಠ ವೇಗ ಎಷ್ಟು ಎಂದಲ್ಲ. ಚುಕ್ಕಾಣಿ ನೆಲ ತಾಗಿದರೆ ತಾನೇ ಮೇಲೇಳುತ್ತದೆಯೇ ಎಂದು.

ಎರಡನೆಯ ಪ್ರಶ್ನೆ ಸಾಗಣೆಯದು. 20 ಅಡಿ ಕಂಟೇನರಿನ ಒಳಗಿನ ಉದ್ದ 5.9 ಮೀಟರ್. ಐದೂವರೆ ಮೀಟರಿನ ಕಯಾಕ್ ಅದರಲ್ಲಿ ಹಿಡಿಯುತ್ತದೆ. ಆರು ಮೀಟರ್ ದಾಟುವ ಸರ್ಫ್‌ಸ್ಕೀ, ಅಂದರೆ ಮೇಲೆ ತೆರೆದಿರುವ ರೇಸಿನ ಕಯಾಕ್, ಹಿಡಿಯುವುದಿಲ್ಲ. ಆದರೆ ಒಂದು ದೋಣಿಗೆ ಇಡೀ ಕಂಟೇನರ್ ತರಿಸುವ ಧೈರ್ಯ ಯಾರಿಗಿದೆ? ಕೆಲವು ಕಂಪನಿಗಳು ಮೂರು ತುಂಡಿನ ದೋಣಿಯನ್ನೂ ಮಾಡುತ್ತವೆ. ಬೋಲ್ಟ್ ಹಾಕಿ ಜೋಡಿಸುವಂಥದ್ದು. ತೂಕ ಕೆಲವು ಕಿಲೋ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ಬಸ್ಸಿನ ಮೇಲೆ ಹಾಕಿಕೊಂಡು ಕಾರವಾರಕ್ಕೆ ಹೋಗಬಹುದು. ಹೊಸ ಮಾದರಿಯಲ್ಲಿ ಮೂರು ತುಂಡಿನದು ಬರುತ್ತದೆಯೇ ಎಂದು ಕೇಳಿ ಕಂಪನಿಯೊಂದಕ್ಕೆ ಬರೆದಿದ್ದೇನೆ. ಮೊದಲು ಒಂದೇ ತುಂಡಿನದು ಸರಿಯಾಗಿ ಬರಲಿ, ಆಮೇಲೆ ನೋಡೋಣ ಎಂದು ಉತ್ತರ ಬಂದಿದೆ.

ನಮಸ್ಕಾರ.