ಔಷಧಿ ಕ್ಯಾನ್ ಮೇಲೆ ಅವ್ರ ಭಾಷೆ ಎಲ್ಲಿದೆ?

ಎಲ್ರಿಗೂ ನಮಸ್ಕಾರ, ಇವತ್ತು ಕೈಯಲ್ಲಿ ಒಂದು ಕ್ಯಾನ್ ಹಿಡ್ಕೊಂಡು ಕೂತಿದೀನಿ, ಖಾಲಿದು, ತೊಳೆದು ತೂತು ಮಾಡಿರೋದು, ಹೆದರ್ಬೇಡಿ. ಕ್ಲೋರ್‌ಪೈರಿಫಾಸ್. ಅರೇಬಿಕಾ ಕಾಫಿ ಇರೋರಿಗೆ ಈ ಕೀಟನಾಶಕಾನ ಪರಿಚಯ ಮಾಡ್ಕೊಡೋದೇ ಬೇಡ, ಬಿಳಿ ಕಾಂಡಕೊರಕ ಹುಳ ಬರುತ್ತೆ ಅಂತ ಕಾಂಡಕ್ಕೆ ಹೊಡೀತೀವಲ್ಲ, ಅದೇ. ಇಲ್ಲಿ ನೋಡಿ, ಡೈಮಂಡ್ ಥರ ಒಂದು ಗುರುತು, ಕೆಳಗಿನ ಅರ್ಧ ಹಳದಿ. ಕೆಂಪು ಇದ್ರೆ ತೀರಾ ಘೋರ ವಿಷ, ಅದರ ನಂತರದ್ದು ಹಳದಿ, ಆಮೇಲೆ ನೀಲಿ, ಆಮೇಲೆ ಹಸಿರು. ತಮಾಷೆ ಏನಪ್ಪಾ ಅಂದ್ರೆ ತಲೆಬುರುಡೆ ಚಿತ್ರ ಇರೋದು ಕೆಂಪಿಗೆ ಮಾತ್ರ. ಹಳದೀಲಿ ಪಾಯಿಸನ್ ಅಂತ ಅಕ್ಷರ ಇರುತ್ತೆ ಅಷ್ಟೇ. ಓದೋಕೆ ಬರ್ದಿದ್ರೆ ಅದು ಬರೀ ಹಳದಿ ಬಣ್ಣ, ಅರಿಶಿನದ ಬಣ್ಣ.

ಈಗ ನಮ್ಮ ತೋಟಗಳಲ್ಲಿ ಇದನ್ನ ಹೊಡೆಯೋರು ಯಾರು? ಚಿಕ್ಕಮಗಳೂರು, ಸಕಲೇಶಪುರ, ಕೊಡಗು, ಎಲ್ಲಿಗೆ ಹೋದ್ರೂ ಲೈನ್ ಮನೇಲಿ, ಅಂದ್ರೆ ಕೂಲಿಯವ್ರ ಸಾಲು ಮನೇಲಿ, ಅಸ್ಸಾಂನೋರು, ಬಂಗಾಳದೋರು, ಜಾರ್ಖಂಡ್‌ನೋರು. ಲೇಬಲ್ ಮೇಲೆ ಏನಿದೆ, ಇಂಗ್ಲಿಷು, ಹಿಂದಿ, ಕನ್ನಡ. ಅಸ್ಸಾಮೀಸ್ ಇಲ್ಲ, ಬಂಗಾಳಿ ಇಲ್ಲ, ಸಂತಾಲಿ ಅಂತೂ ಕೇಳ್ಲೇಬೇಡಿ. ಬ್ಯಾಂಕ್‌ನಲ್ಲಿ ಚಲನ್ ಕನ್ನಡದಲ್ಲಿ ಇಲ್ಲ ಅಂದ್ರೆ ನಾವು ಮ್ಯಾನೇಜರ್ ಮುಂದೆ ಹೋಗಿ ವಿಡಿಯೋ ಮಾಡ್ತೀವಿ, ಮಾಡ್ಬೇಕು ಕೂಡ, ನಾನೂ ಮಾಡಿದೀನಿ. ಆದ್ರೆ ನಮ್ಮದೇ ತೋಟದಲ್ಲಿ ಬೆನ್ನಿಗೆ ವಿಷದ ಟ್ಯಾಂಕ್ ಹೊತ್ತೋನಿಗೆ ಅವ್ನ ಭಾಷೇಲಿ ಒಂದು ಸಾಲು ಹೇಳಿಲ್ಲ ಅನ್ನೋದು ನಮ್ಗೆ ಹೊಳೆಯೋದೇ ಇಲ್ಲ. ನಾವು ಔಷಧಿ ಅಂತೀವಿ, ಮೇಸ್ತ್ರಿ ಹಿಂದೀಲಿ ದವಾಯಿ ಅಂತಾನೆ, ಉತ್ತರ ಕರ್ನಾಟಕದ ಕಡೆ ಎಣ್ಣಿ ಹೊಡಿಯೋದು ಅಂತಾರೆ. ವಿಷ ಅನ್ನೋ ಪದ ಯಾರ ಬಾಯಲ್ಲೂ ಬರಲ್ಲ.

ಎರಡು ವರ್ಷದ ಹಿಂದೆ ನಮ್ಮಲ್ಲೇ ಆಗಿದ್ದು ಹೇಳ್ತೀನಿ. ಟ್ಯಾಂಕ್ ಸಣ್ಣಗೆ ಲೀಕ್ ಆಗ್ತಿತ್ತು, ಹೊಡೀತಿದ್ದ ಅಸ್ಸಾಂ ಹುಡುಗ ಹೇಳಿಲ್ಲ, ಹೇಳಿದ್ರೂ ನಮ್ಗೆ ಅರ್ಥ ಆಗ್ತಿರ್ಲಿಲ್ಲ, ಮಧ್ಯಾಹ್ನದವರೆಗೂ ನೆಂದ ಶರ್ಟ್‌ನಲ್ಲೇ ಹೊಡೆದಿದಾನೆ, ಆಮೇಲೆ ತೂರಾಡ್ತಾ ಬಂದು ಕೂತ, ಬಾಯಲ್ಲಿ ಜೊಲ್ಲು, ಮೈಯೆಲ್ಲಾ ಬೆವರು. ತೋಟದ ಲೆಕ್ಕ ಬರೆಯೋ ನಮ್ಮ ರೈಟರ್ ಏನಂದ್ರು ಗೊತ್ತಾ, ಬೆಳಿಗ್ಗೇನೇ ಹಾಕಿದಾನೆ ಬಿಡಿ ಅಂದ್ರು. ನಾನೂ ನಂಬ್ದೆ! ವಾಸನೆ ನೋಡಿದ್ಮೇಲೆ ಗೊತ್ತಾಗಿದ್ದು. ಕ್ಯಾನ್ ಸಮೇತ ಆಸ್ಪತ್ರೆಗೆ ಹೋದ್ವಿ, ಅಟ್ರೋಪಿನ್ ಅಂತ ಈ ವಿಷಕ್ಕೆ ಕೊಡೋ ಮದ್ದು ಕೊಟ್ರು, ಉಳ್ಕೊಂಡ. ಆರ್ಗನೋಫಾಸ್ಫೇಟ್ ಅನ್ನೋ ಈ ಗುಂಪಿನ ಔಷಧಿ ಚರ್ಮದಿಂದಾನೇ ಒಳಗೆ ಹೋಗುತ್ತೆ, ನರದಿಂದ ಸ್ನಾಯುವಿಗೆ, ಗ್ರಂಥಿಗಳಿಗೆ ಹೋಗೋ ಸಿಗ್ನಲ್ ಆಫ್ ಮಾಡೋ ಒಂದು ಎಂಜೈಮ್ ಇರುತ್ತೆ, ಅದನ್ನೇ ಕಟ್ಟಿಹಾಕುತ್ತೆ, ಅದಕ್ಕೇ ಜೊಲ್ಲು, ಬೆವರು, ಕಣ್ಣ ಪಾಪೆ ಸೂಜಿ ಮೊನೆಯಷ್ಟು ಚಿಕ್ಕದಾಗೋದು. ಹಾಲು ಕುಡ್ಸಿದ್ರೆ ಹೋಗಲ್ಲ ಇದು. ಬಟ್ಟೆ ಬಿಚ್ಚಿಸಿ, ಸೋಪು ನೀರಲ್ಲಿ ಮೈ ತೊಳ್ಸಿ, ಕ್ಯಾನ್ ತಗೊಂಡು ಡಾಕ್ಟರ್ ಹತ್ರ ಓಡಿ, ಅಷ್ಟೇ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್‌ನಲ್ಲಿ ಆಗಿದ್ದು ನೆನಪಿದ್ಯಾ? ಹತ್ತಿ ಗಿಡ ಆಳೆತ್ತರ ಬೆಳೆದಿತ್ತು, ಹೊಡೆದಿದ್ದೆಲ್ಲಾ ಮುಖದ ಮೇಲೇ, 20ಕ್ಕೂ ಹೆಚ್ಚು ಜನ ಸತ್ರು, 800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು, ಅದ್ರಲ್ಲಿ ಎಷ್ಟೋ ಜನ ಕೂಲಿಗೆ ಹೊಡೆಯೋಕೆ ಹೋದೋರು. ಅವತ್ತೂ ಬಂದ ಮೊದಲ ಮಾತು ಅವ್ರೇ ಮಾಸ್ಕ್ ಹಾಕಿಲ್ಲ ಅಂತ. ಸ್ವಾಮೀ, ಆ ಪ್ಲಾಸ್ಟಿಕ್ ಕೋಟು ಹಾಕ್ಕೊಂಡು ಬಿಸಿಲಲ್ಲಿ ಒಂದು ಗಂಟೆ ನೀವು ನಿಂತು ತೋರ್ಸಿ.

ಕಾನೂನು ಇಲ್ವಾ ಅಂದ್ರೆ ಇದೆ. 1971ರ ಕೀಟನಾಶಕ ನಿಯಮದಲ್ಲಿ ಹೊಡೆಯೋರಿಗೆ ಕೆಲ್ಸಕ್ಕೆ ಮುಂಚೆ ಮೆಡಿಕಲ್ ಚೆಕಪ್, ಆಮೇಲೆ ವರ್ಷಕ್ಕೊಮ್ಮೆ, ಬಟ್ಟೆ, ಉಸಿರಾಟದ ಸಾಧನ, ತರಬೇತಿ, ಎಲ್ಲಾ ಬರೆದಿದೆ. 1951ರ ಪ್ಲಾಂಟೇಷನ್ ಕಾನೂನಿಗೂ 2010ರಲ್ಲಿ ಇದಕ್ಕೇ ಅಂತ ಒಂದು ಅಧ್ಯಾಯ ಸೇರ್ಸಿದ್ರು, ಆದ್ರೆ ಅದು 5 ಹೆಕ್ಟೇರ್ ಮೇಲಿದ್ದು 15 ಜನ ಇದ್ರೆ ಲೆಕ್ಕಕ್ಕೆ ಬರ್ತಿತ್ತು, 2025ರಲ್ಲಿ ಆ ಕಾನೂನೇ ಹೊಸ ಕಾರ್ಮಿಕ ಸಂಹಿತೆ ಒಳಗೆ ಸೇರ್ಹೋಯ್ತು. ನಮ್ದು ಎಂಟು ಎಕರೆ, ಮೂರು ಹೆಕ್ಟೇರ್ ಚಿಲ್ರೆ ಅಷ್ಟೇ. ಸುತ್ತಮುತ್ತ ಮುಕ್ಕಾಲು ಪಾಲು ಹಾಗೇ ಇರೋದು. ಅಂದ್ರೆ ಆ ಹುಡುಗನ ಮಟ್ಟಿಗೆ ಇಲ್ಲಿ ಇನ್ಸ್‌ಪೆಕ್ಟರ್ ಇಲ್ಲ, ಕಾನೂನು ಇಲ್ಲ, ನಾನೇ ಎಲ್ಲಾ. ನನ್ ಕೈಗೆ ಅಷ್ಟು ಕೊಡ್ಬಾರ್ದು ಅಂತ ನನಗೇ ಅನ್ಸುತ್ತೆ.

ಇನ್ನೊಂದು ವಿಷ್ಯ. ಎಂಡೋಸಲ್ಫಾನ್ ಅನ್ನೋ ಕೀಟನಾಶಕದ ಕಥೆ ದಕ್ಷಿಣ ಕನ್ನಡದವ್ರಿಗೆ ನಾನು ಹೇಳ್ಬೇಕಾಗಿಲ್ಲ, ಗೇರು ತೋಟದ ಮೇಲೆ ಹೆಲಿಕಾಪ್ಟರ್‌ನಲ್ಲಿ ಹೊಡೆದ್ರು, 2011ರಲ್ಲಿ ಸುಪ್ರೀಂ ಕೋರ್ಟ್ ತಡೀತು, ಆದ್ರೆ ಅಲ್ಲಿ ಜನ ಅದೇ ಊರಲ್ಲಿ ಇದ್ರು, ಮಕ್ಕಳು ಕಣ್ಣೆದುರಿಗಿದ್ರು, ಮನೆ ಮನೆ ಲೆಕ್ಕ ಹಾಕೋಕಾಯ್ತು. ವಲಸೆ ಬಂದೋನು ಸುಸ್ತಾದ್ರೆ ಲೆಕ್ಕ ಚುಕ್ತಾ ಮಾಡಿಸ್ಕೊಂಡು ಎರಡು ದಿನದ ಟ್ರೈನ್ ಹತ್ತುತ್ತಾನೆ. ಅಲ್ಲಿ ಏನಾದ್ರೂ ಆದ್ರೆ ಇಲ್ಲಿ ಯಾವ ಪುಸ್ತಕದಲ್ಲೂ ಅವ್ನ ಹೆಸ್ರಿಲ್ಲ.

ನಾನು ಈಗ ಏನ್ ಮಾಡ್ತಿದೀನಿ ಅಂದ್ರೆ, ದೊಡ್ಡ ಸಾಧನೆ ಏನಲ್ಲ, ಕ್ಯಾನ್ ತೆರೆದು ಅಳತೆ ಮಾಡಿ ಕಲ್ಸೋದು ನಾನೇ, ಗಟ್ಟಿ ಔಷಧಿ ಇರೋ ಆ ಹೊತ್ತೇ ಜಾಸ್ತಿ ಅಪಾಯ, ಅದನ್ನ ಕೂಲಿಯವ್ರ ಕೈಗೆ ಕೊಡಲ್ಲ. ಬೆಳಿಗ್ಗೆ ಹತ್ತೂವರೆಗೆ ಹೊಡೆಯೋದು ನಿಲ್ಸಿ, ಪೂರ್ತಿ ದಿನದ ಕೂಲಿ. ಅಪ್ಪ ಇನ್ನೂ ಗೊಣಗ್ತಾರೆ. ಲೈನ್ ಮನೆಯಿಂದ ದೂರ ಒಂದು ಡ್ರಮ್ ನೀರು, ಸೋಪು, ಹೊಡೆಯೋಕೆ ಅಂತಾನೇ ಬೇರೆ ಬಟ್ಟೆ. ಅದನ್ನ ಅಲ್ಲೇ ಒಗೀಬೇಕು, ಇಲ್ದಿದ್ರೆ ಹೆಂಡ್ತಿ ಮಗುವಿನ ಬಟ್ಟೆ ಜೊತೆ ಒಂದೇ ಬಕೆಟ್‌ಗೆ ಹಾಕ್ತಾಳೆ, ಅವಳಿಗೆ ಯಾರು ಹೇಳಿದಾರೆ? ಖಾಲಿ ಕ್ಯಾನ್‌ಗೆ ತೂತು ಮಾಡ್ತೀನಿ, ನೀರು ತುಂಬೋಕೆ ಆಗ್ಬಾರ್ದು ಅಂತ.

ಆಮೇಲೆ ವಾಟ್ಸಾಪ್ ವಾಯ್ಸ್ ನೋಟ್. ಆ ಹುಡುಗನೇ ಅಸ್ಸಾಮೀಸ್‌ನಲ್ಲಿ ಮಾಡ್ಕೊಟ್ಟ, ಎರಡು ನಿಮಿಷ, ಇದು ವಿಷ, ಟ್ಯಾಂಕ್ ಸೋರಿದ್ರೆ ಇಳ್ಸು, ತಲೆ ಸುತ್ತಿದ್ರೆ ಕೂಗು, ಕೂಲಿ ಕಟ್ ಆಗಲ್ಲ. ಬಂಗಾಳಿದೂ ಒಂದು ರೆಡಿ ಇದೆ. ಅಕ್ಟೋಬರ್ ಸ್ಪ್ರೇಗೆ ಮುಂಚೆ ಬೇಕಾದೋರು ಮೆಸೇಜ್ ಮಾಡಿ, ಕಳಿಸ್ತೀನಿ. ಸಂತಾಲಿ ಬರೋರು ಯಾರಾದ್ರೂ ಇದ್ರೆ ಹೇಳಿ, ಪಕ್ಕದ ತೋಟಕ್ಕೆ ಜಾರ್ಖಂಡ್‌ನಿಂದ ಹೊಸ್ದಾಗಿ ಒಂಬತ್ತು ಜನ ಬಂದಿದಾರೆ.