ಒಂದೇ ಪುಟದಲ್ಲಿ ಇಡೀ ಕ್ಲಾಸು

ಕೇಳುಗರಿಗೆ ನಮಸ್ಕಾರ. ನಾಳೆ ಒಂಬತ್ತನೇ ಕ್ಲಾಸಿಗೆ ಪಾಠ ಮಾಡಲಿಕ್ಕಿರುವ ಟೀಚರ್ ಒಬ್ಬರು ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಇದನ್ನು ಕೇಳುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೇನೆ. ಟೀಚರೇ, ನನಗೆ ಹೇಳಲಿಕ್ಕಿರುವುದು ಒಂದೇ. ಮಕ್ಕಳೆಲ್ಲ ಕಂಪ್ಯೂಟರಿನಲ್ಲಿ ಒಂದೇ ಪುಟದಲ್ಲಿ ಬರೆಯಲಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲಿ.

ಈಗ ಆಗುತ್ತಿರುವುದೇನು? ಪ್ರಾಜೆಕ್ಟ್ ಅಂದ ಕೂಡಲೇ ಮಗು ಸೈಬರ್ ಅಂಗಡಿಗೆ ಓಡುತ್ತದೆ, ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತರುತ್ತದೆ. ಒಳಗಿರುವುದನ್ನು ಮಗುವೂ ಓದಿಲ್ಲ, ನಾವೂ ಓದುವುದಿಲ್ಲ. ಗ್ರೂಪ್ ವರ್ಕ್ ಅಂದರೆ ಐದು ಜನರ ಹೆಸರು, ಒಬ್ಬಳ ಕೆಲಸ. ಹೌದಲ್ವಾ? ಬೇಸರ ಮಾಡಬೇಡಿ, ಇದ್ದದ್ದನ್ನು ಹೇಳಿದೆ.

ಇಂಟರ್ನೆಟ್‌ನಲ್ಲೇ ಬರೆಯಲಿಕ್ಕಾಗುವ ಗೂಗಲ್ ಡಾಕ್ಸ್ 2006ರಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ಒಂದು ಪುಟ ತೆರೆದು, ಶೇರ್ ಒತ್ತಿ ತಿದ್ದುವ ಅನುಮತಿ ಕೊಟ್ಟು ಲಿಂಕ್ ಕಳಿಸಿದರೆ ಆಯಿತು, ಎಲ್ಲರೂ ಅದೇ ಪುಟದಲ್ಲಿ ಒಟ್ಟಿಗೆ ಬರೆಯಬಹುದು. ಇದನ್ನು ಹೇಳಿದರೆ ಟೀಚರುಗಳು ಕೇಳುವ ಮೊದಲ ಪ್ರಶ್ನೆ, "ಯಾರಾದರೂ ಎಲ್ಲ ಅಳಿಸಿ ಹಾಕಿದರೆ?" ಅಳಿಸಲಿ ಮಾರಾಯ್ರೆ! ಮಲ್ಪೆ ಹತ್ತಿರದ ಒಂದು ಶಾಲೆಯಲ್ಲಿ ಆದದ್ದನ್ನು ಹೇಳುತ್ತೇನೆ, ಕೇಳಿ.

ಅಲ್ಲಿ ಕಂಪ್ಯೂಟರ್ ಇದ್ದದ್ದು ಕೆಲವೇ, ಒಂದೊಂದರ ಮುಂದೆ ನಾಲ್ಕು ನಾಲ್ಕು ಮಕ್ಕಳು. ವಿಷಯ, ನಮ್ಮ ಊರಿನ ಮೀನುಗಾರಿಕೆ. ಯಾವಾಗಲೂ ಫಸ್ಟ್ ಬರುವ ಹುಡುಗಿಯ ತಂಡ ಬರೆಯಿತು, "ಮಳೆಗಾಲದಲ್ಲಿ ಕಡಲಿಗೆ ಹೆದರಿ ಮೀನುಗಾರರು ಮನೆಯಲ್ಲೇ ಇರುತ್ತಾರೆ." ಸ್ವಲ್ಪ ಹೊತ್ತಿನಲ್ಲಿ ಆ ವಾಕ್ಯ ಮಾಯ. ಅವಳು ಪುನಃ ಬರೆದಳು. ಪುನಃ ಮಾಯ! ಹುಡುಗಿ ಅಳುವುದೊಂದು ಬಾಕಿ. ಮೇಷ್ಟ್ರು ಬೆತ್ತ ಹುಡುಕಲಿಲ್ಲ. ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ಅಂತ ಇದೆ, ಅದನ್ನು ತೆರೆದು ಗೋಡೆಯ ಮೇಲೆ ದೊಡ್ಡದಾಗಿ ಕಾಣುವ ಹಾಗೆ ಮಾಡಿದರು. ತಂಡಕ್ಕೊಂದು ಖಾತೆ ಮಾಡಿದ್ದರು, ಹಾಗಾಗಿ ಒಂದೊಂದು ತಂಡದ್ದು ಒಂದೊಂದು ಬಣ್ಣ. ಯಾರು, ಎಷ್ಟು ಗಂಟೆಗೆ, ಏನು ಅಳಿಸಿದ್ದು, ಎಲ್ಲ ಅಲ್ಲೇ ಇತ್ತು. ಕಿಟಕಿ ಪಕ್ಕದ ತಂಡ! ಅದರಲ್ಲಿದ್ದ ಒಬ್ಬ ಹುಡುಗನ ಅಪ್ಪ ಬೋಟಿಗೆ ಹೋಗುವವರು. "ಅಳಿಸಿದ್ದು ಯಾಕೆ, ಕಾರಣ ಬರಿ" ಅಂದರು ಮೇಷ್ಟ್ರು. ಹುಡುಗ ಪುಟದ ಪಕ್ಕದಲ್ಲಿ ಕಾಮೆಂಟ್ ಹಾಕಿದ, "ನನ್ನ ಅಪ್ಪ ಹೆದರಿ ಕೂತದ್ದಲ್ಲ. ಸರಕಾರದ ನಿಷೇಧ." ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಹೋಗುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಕಾಲ ಅಂತ ಅವನೇ ವಿವರಿಸಿದ. ಹುಡುಗಿಯೂ ಬಿಡಲಿಲ್ಲ. "ಹಾಗಾದರೆ ಜುಲೈಯಲ್ಲಿ ನಮ್ಮ ಮನೆಗೆ ತಾಜಾ ಮೀನು ಬಂದದ್ದು ಎಲ್ಲಿಂದ?" ಒಳ್ಳೆಯ ಪ್ರಶ್ನೆ! ಮೂರನೇ ತಂಡ ನಡುವೆ ಬಂದು ಬರೆಯಿತು, ನಾಡದೋಣಿಗೆ ನಿಷೇಧ ಇಲ್ಲ, ಕಡಲು ಸ್ವಲ್ಪ ತಣ್ಣಗಾದರೆ ಅವರು ಹೋಗುತ್ತಾರೆ ಅಂತ. ಕೊನೆಗೆ ಹುಡುಗಿಯೇ ಮೂರನ್ನೂ ಸೇರಿಸಿ ಚಂದದ ಒಂದು ಪ್ಯಾರಾ ಮಾಡಿದಳು. ಮೇಷ್ಟ್ರು ಒಂದು ಅಕ್ಷರ ಬರೆದಿರಲಿಲ್ಲ. ಬಂಗುಡೆ, ಬೂತಾಯಿ ವಿಷಯದಲ್ಲಿ ಆದ ಜಗಳ ಇನ್ನೂ ಮಜಾ ಇತ್ತು, ಹೇಳುತ್ತಾ ಹೋದರೆ ನನಗೆ ಕೊಟ್ಟ ಸಮಯ ಪೂರ್ತಿ ಮೀನಿಗೇ ಆದೀತು.

ಹಾಗಾಗಿ ಅಳಿಸುತ್ತಾರೆ ಅಂತ ಹೆದರಬೇಡಿ. ಹಳೆಯದು ಅಲ್ಲೇ ಇರುತ್ತದೆ, ಒಂದು ಕ್ಲಿಕ್‌ಗೆ ವಾಪಸ್ ಬರುತ್ತದೆ. ಮಾರ್ಕ್ ಕೊಡುವಾಗಲೂ ಅದೇ ಹಿಸ್ಟರಿ ನೋಡಿ, ಯಾವ ತಂಡ ಬರೆದದ್ದು, ಯಾವ ತಂಡ ಸುಮ್ನೆ ಕೂತದ್ದು ಅಂತ ಗೊತ್ತಾಗುತ್ತದೆ. ಆದರೆ ಲಾಗಿನ್ ಆಗದೆ ಬಂದವರ ಹೆಸರು ಕಾಣುವುದಿಲ್ಲ, ಯಾವುದೋ ಪ್ರಾಣಿಯ ಹೆಸರು ಕಾಣುತ್ತದೆ. ಅದಕ್ಕೇ ತಂಡಕ್ಕೊಂದು ಖಾತೆ ಬೇಕು ಅಂದದ್ದು.

ಎಲ್ಲರೂ ತಿದ್ದಬಹುದಾದ ಪುಟ ಹೊಸದೇನಲ್ಲ. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲೇ ಪ್ರೋಗ್ರಾಮರುಗಳಿಗಾಗಿ ಅಂಥದ್ದೊಂದು ತಾಣ ಮಾಡಿದ್ದರು, 2001ರಲ್ಲಿ ವಿಕಿಪೀಡಿಯ ಬಂತು. ಕನ್ನಡ ವಿಕಿಪೀಡಿಯ 2003ರಿಂದ, ತುಳುವಿನದ್ದು 2016ರಿಂದ ಇದೆ. ಕಾಲೇಜು ಮಕ್ಕಳು ಅಲ್ಲೇ ಬರೆಯಬಹುದು, ಆಧಾರ ಕೊಟ್ಟು, ಕಾಪಿ ಹೊಡೆಯದೆ. ಇದರ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಾ ಬಂತು.

ಬೇಗ ಎರಡು ಮಾತು. ಕನ್ನಡ ಟೈಪ್ ಮಾಡಲು ಬರುವುದಿಲ್ಲ ಅನ್ನಬೇಡಿ. ಕ್ರೋಮ್ ಬ್ರೌಸರಿನಲ್ಲಿ ಡಾಕ್ಸ್ ತೆರೆದು ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆ ಕನ್ನಡ ಅಂತ ಆರಿಸಿ. ಮಕ್ಕಳು ಹೇಳಿದ್ದು ಅಕ್ಷರವಾಗಿ ಮೂಡುತ್ತದೆ, ಒಂದೆರಡು ತಪ್ಪು ಬಂದರೆ ಅದನ್ನೂ ಮಕ್ಕಳೇ ತಿದ್ದಲಿ. ಇನ್ನೊಂದು, ಮಕ್ಕಳ ಫೋನ್ ನಂಬರು, ಮನೆ ವಿಳಾಸ ಆ ಪುಟದಲ್ಲಿ ಬೇಡವೇ ಬೇಡ, ಲಿಂಕ್ ಶಾಲೆಯಿಂದ ಹೊರಗೆ ಹೋಗುವುದೂ ಬೇಡ.

ದೊಡ್ಡ ಪಾಠ ಬೇಡ ಟೀಚರೇ, ನಾಳೆ ಒಂದು ಪ್ಯಾರಾ ಸಾಕು. ನಿಮ್ಮ ಊರಿನ ಕೆರೆಯೋ, ಸಂತೆಯೋ, ಬಸ್‌ಸ್ಟ್ಯಾಂಡೋ. ಒಂದೇ ಪುಟ, ಎಲ್ಲರೂ ಬರೆಯಲಿ, ಎಲ್ಲರೂ ತಿದ್ದಲಿ, ನೀವು ಮಾತ್ರ ಕೀಬೋರ್ಡ್ ಮುಟ್ಟಬೇಡಿ. ನಮಸ್ಕಾರ.